ಉಪ್ಪುನೀರಿನ ಮೊಟ್ಟೆ

ಲೋಕದಲ್ಲಿ ಮೊಟ್ಟೆ ತಿನ್ನುವವರಿದ್ದಾರೆ, ಮಾರುವವರಿದ್ದಾರೆ. ನಾನು ಅದಕ್ಕೆ ಕಿಟಕಿ ಕೊರೆಯುವವಳು.

ಸೇಲಂನಲ್ಲಿ ನನ್ನ ಪಿಎಚ್.ಡಿ. ಕೆಲಸವೇ ಅದು. ಕಾವಿಗಿಟ್ಟ ಕೋಳಿಮೊಟ್ಟೆಯ ಚಿಪ್ಪನ್ನು ಚೌಕವಾಗಿ ಕತ್ತರಿಸಿ, ಒಳಗಿನ ಪೊರೆಯ ಮೇಲೆ ಒಂದು ಸೊಪ್ಪಿನ ರಸ ಬಿಟ್ಟು, ರಕ್ತನಾಳ ಹೆಚ್ಚು ಬೆಳೆಯುತ್ತದೆಯೇ ಎಂದು ನೋಡುವುದು. ಬೆಳೆದರೆ ಗಾಯಕ್ಕೆ ಅದೇ ಮದ್ದು ಎಂಬುದು ನನ್ನ ಗೈಡ್ ಸಾಹೇಬರ ಆಸೆ. ರಸ ಬಿಟ್ಟ ಮೊಟ್ಟೆಗೂ, ಹೋಲಿಸಿ ನೋಡಲೆಂದು ಬರೀ ಉಪ್ಪುನೀರು ಬಿಟ್ಟ ಮೊಟ್ಟೆಗೂ ಯಾವ ವ್ಯತ್ಯಾಸವೂ ಕಾಣಲಿಲ್ಲ. ಹೇಳಿದೆ. ಕೆಲವರಿಗೆ ಕಿವಿ ಇರುವುದು ಕನ್ನಡಕ ಸಿಕ್ಕಿಸಲು ಮಾತ್ರ.

ಒಂದು ದಿನ ತಮಿಳು ಪತ್ರಿಕೆಯವರೊಬ್ಬರು ಬಂದರು. ಗೈಡ್ ನನ್ನ ಕಂಪ್ಯೂಟರಿನಿಂದ ಎಲ್ಲಕ್ಕಿಂತ ಅಂದವಾದ ಫೋಟೊ ಆರಿಸಿ ಕೊಟ್ಟರು. ಕೆಂಪು ನಾಳಗಳು ಹುಣಸೆಮರದ ಕೊಂಬೆಗಳಂತೆ ಹಬ್ಬಿದ್ದವು.

“ಸರ್, ಅದು ಉಪ್ಪುನೀರಿನ ಮೊಟ್ಟೆ” ಎಂದೆ.

“ನೋಡೋಕೆ ಚೆನ್ನಾಗಿದೆಯಲ್ಲಮ್ಮ” ಎಂದರು.

ಮರುದಿನ ‘ಗಾಯ ಮಾಯಿಸುವ ಸೊಪ್ಪು ಪತ್ತೆ’ ಎಂದು ಸುದ್ದಿ. ಕೆಳಗೆ ಆ ಉಪ್ಪುನೀರಿನ ಮೊಟ್ಟೆ, ಪಕ್ಕದಲ್ಲಿ ನನ್ನ ಮುಖ.

ಸ್ವಲ್ಪ ದಿನದಲ್ಲೇ ಕಂಬೈನಲ್ಲೂರಿನಿಂದ ಅತ್ತೆಯ ಫೋನು. ಸಕ್ಕರೆ ಕಾಯಿಲೆಯ ನನ್ನ ಸೋದರಮಾವ ಕಾಲಿನ ಹುಣ್ಣಿಗೆ ಅದೇ ಸೊಪ್ಪು ಅರೆದು ಕಟ್ಟಿಕೊಂಡು, ಆಸ್ಪತ್ರೆಗೆ ಬರುವುದಿಲ್ಲವೆಂದು ಕೂತಿದ್ದರು. ಬಸ್ಸು ಹತ್ತಿ ಓಡಿದೆ. ಜಗಲಿ ಏರುವ ಮೊದಲೇ ವಾಸನೆ ಬಂತು. ಹೆಬ್ಬೆರಳು ಕಪ್ಪಾಗಿತ್ತು.

“ಮಾವ, ಆ ಸೊಪ್ಪಿಂದ ಏನೂ ಆಗಲ್ಲ. ಏಳು, ಆಸ್ಪತ್ರೆಗೆ ಓಗಾನ.”

“ಪೇಪರ್‌ನಾಗೆ ನಿನ್ ಪೋಟೋನೇ ಬಂದೈತೆ. ನೀನೇ ಇಲ್ಲ ಅಂತೀಯಲ್ಲ ಅಮ್ಮಣಿ?”

“ಪೇಪರ್‌ನಾಗೆ ಬಂದಿರೋದು ಸುಳ್ಳು.”

“ನಿಂಗೆ ಪಾಠ ಮಾಡೋ ವಾತ್ಯಾರು ಸುಳ್ಳು ಏಳ್ತಾರಾ? ಅಷ್ಟು ಓದಿರೋರು!”

“ಓದಿರೋದ್ರಿಂದ್ಲೇ ಅಷ್ಟು ಚೆನ್ನಾಗಿ ಏಳ್ತಾರೆ, ಮಾವ.”

ಅತ್ತೆ ನಕ್ಕುಬಿಟ್ಟರು. ಮಾವ ನಗಲಿಲ್ಲ, ಆದರೆ ಚಪ್ಪಲಿ ಹುಡುಕಿದರು. ಧರ್ಮಪುರಿಯ ಆಸ್ಪತ್ರೆಯಲ್ಲಿ ಹೆಬ್ಬೆರಳು ತೆಗೆದರು. ಕಾಲು ಉಳಿಯಿತು.

ಪತ್ರಿಕೆಗೆ ನಿಜ ತಿಳಿಸಿದೆ. ಮದುವೆ ಮಂಟಪದ ಜಾಹೀರಾತಿನ ಅಡಿಯಲ್ಲಿ, ಇರುವೆ ಸಾಲಿನಷ್ಟು ಸಣ್ಣಗೆ ತಿದ್ದುಪಡಿ ಹಾಕಿದರು. ವಿಭಾಗದ ಸಭೆಯಲ್ಲೂ ಎಲ್ಲರೆದುರು ಆ ಫೋಟೊ ತೋರಿಸಿ, ಅದರಲ್ಲಿ ಸೊಪ್ಪಿನ ಹನಿಯೂ ಇಲ್ಲ ಎಂದೆ. ಗೈಡ್ ಫ್ಯಾನು ನೋಡುತ್ತಾ ಕೂತರು. ಆಮೇಲೆ ನನ್ನೊಡನೆ ಮಾತು ಬಿಟ್ಟರು. ಅದೇ ಅವರು ನನಗೆ ಮಾಡಿದ ಮೊದಲ ಉಪಕಾರ.

ಬೇರೆ ಗೈಡ್ ಹುಡುಕಿಕೊಂಡು ಬಾಗಿಲು ಬಾಗಿಲು ತಿರುಗಿದೆ. ಜಗಳಗಂಟಿ ಎಂಬ ಹೆಸರು ನನಗಿಂತ ಮುಂಚೆ ಹೋಗಿ ಕುರ್ಚಿ ಹಾಕಿಕೊಂಡು ಕೂತಿರುತ್ತಿತ್ತು. ಕೊನೆಗೊಬ್ಬ ಮೇಡಂ ಒಳಗೆ ಕರೆದು ಹೇಳಿದರು: “ಏನೂ ಫಲ ಸಿಗದ ಮೊಟ್ಟೆಗಳನ್ನು ಮೊದಲು ತೋರಿಸಮ್ಮ.”

ನನ್ನನ್ನು ಹೆಣ್ಣು ನೋಡಲು ಬಂದವರಲ್ಲಿ ಒಬ್ಬರೂ ಇಷ್ಟು ಹಿತವಾದ ಮಾತು ಆಡಿದ್ದಿಲ್ಲ.