ಮೈಕಣ್ಣ ಗಡ್ಡ ಕೆರೆಯಲು ಕಲಿತದ್ದು

ಊರಿನ ಬಸ್ ನಿಲ್ದಾಣದಲ್ಲಿ ಇಪ್ಪತ್ತೊಂದು ವರ್ಷದಿಂದ ಒಂದೇ ದನಿ ಕೇಳಿಸುತ್ತಿತ್ತು. ಯಾವ ಬಸ್ಸು ಯಾವ ಪ್ಲಾಟ್‌ಫಾರಂನಲ್ಲಿ ನಿಂತಿದೆ, ಯಾವುದು ಅರ್ಧ ಗಂಟೆ ತಡ, ಯಾರು ಮರೆತುಹೋದ ಕೊಡೆ ಕಚೇರಿಯಲ್ಲಿ ಕಾಯುತ್ತಿದೆ, ಎಲ್ಲವನ್ನೂ ಆ ದನಿಯೇ ಹೇಳಬೇಕು. ಆ ದನಿಯ ಒಡೆಯನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಡ್ರೈವರುಗಳು, ಕಂಡಕ್ಟರುಗಳು, ಗೇಟಿನ ಬಳಿ ಹಣ್ಣು ಮಾರುವವಳು, ಕೊನೆಗೆ ಹೆಂಡತಿಯ ತವರಿನವರು ಕೂಡ ಅವನನ್ನು ಮೈಕಣ್ಣ ಎಂದೇ ಕರೆಯುತ್ತಿದ್ದರು.

ಮೈಕಣ್ಣನಿಗೆ ದನಿಯಷ್ಟೇ ಮುಖದ ಮೇಲೂ ಕಾಳಜಿ. ಗಾಜಿನ ಕೋಣೆಯೊಳಗೆ ಮೈಕಿನ ಮುಂದೆ ಕೂತವನನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ, ನಿಜ. ಆದರೆ ನುಣ್ಣಗೆ ಶೇವ್ ಮಾಡಿಕೊಳ್ಳದ ದಿನ ದನಿಯೂ ಒರಟಾಗುತ್ತದೆ ಎಂಬುದು ಅವನ ನಂಬಿಕೆ.

"ಕೆರೆಯದ ಗಡ್ಡ ಮೈಕಲ್ಲಿ ಕೇಳ್ಸತ್ತೆ ಕಣೇ," ಎಂದರೆ ಹೆಂಡತಿ ಬಿಡುತ್ತಿರಲಿಲ್ಲ. "ಹೌದೌದು, ಗೊರಕೆನೂ ಕೇಳ್ಸತ್ತೆ. ಮಧ್ಯಾಹ್ನ ಮೈಕ್ ಆಫ್ ಮಾಡಿ ತೂಕಡಿಸ್ರೀ."

ಆಕೆ ಬ್ರೆಡ್ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಯವಳು. ಅವನು ಬಚ್ಚಲಿಗೆ ಹೋಗುವ ಹೊತ್ತಿಗೆ ಆಕೆ ಒಲೆಗಳ ಮುಂದೆ ನಿಂತು ಎರಡು ಗಂಟೆ ಆಗಿರುತ್ತಿತ್ತು.

ನಲವತ್ಮೂರನೇ ವಯಸ್ಸಿನಲ್ಲಿ ಮೈಕಣ್ಣನ ಕಣ್ಣು ಕೈಕೊಟ್ಟಿತು. ಮೊದಲು ಅಕ್ಕಪಕ್ಕದ ನೋಟ ಹೋಯಿತು. ಬಾಗಿಲ ಚೌಕಟ್ಟಿಗೆ ಭುಜ ತಾಗತೊಡಗಿತು. ಆಮೇಲೆ ವೇಳಾಪಟ್ಟಿಯ ಅಂಕಿಗಳು ಕಲಸಿಹೋದವು. ಕಣ್ಣಿನ ಹಿಂಭಾಗದ ಪದರವೇ ಒಣಗುತ್ತಿದೆ, ಇದಕ್ಕೆ ಮದ್ದಿಲ್ಲ ಎಂದು ಡಾಕ್ಟರಮ್ಮ ಅವನ ಕೈ ಹಿಡಿದುಕೊಂಡೇ ಹೇಳಿದಳು. ಎರಡು ವರ್ಷ ತುಂಬುವಷ್ಟರಲ್ಲಿ ಕಿಟಕಿ ಎಲ್ಲಿದೆ, ಗೋಡೆ ಎಲ್ಲಿದೆ ಎನ್ನುವಷ್ಟು ಬೆಳಕು ಮಾತ್ರ ಉಳಿಯಿತು.

ಕೆಲಸ ಹೋಗುತ್ತದೆ ಎಂದುಕೊಂಡಿದ್ದ. ಹೋಗಲಿಲ್ಲ. ನಿಲ್ದಾಣದ ಮೇಲ್ವಿಚಾರಕಿ ಒಂದು ದಿನ ಅವನ ಕೋಣೆಗೆ ಬಂದು ಎದುರಿನ ಸ್ಟೂಲಿನ ಮೇಲೆ ಕೂತಳು. "ವೇಳಾಪಟ್ಟಿ ನಿಮಗೆ ಬಾಯಿಪಾಠ ಇದೆ. ಬದಲಾವಣೆ ಇದ್ರೆ ಕಂಟ್ರೋಲ್ ರೂಮಿನೋರು ಫೋನ್ ಮಾಡಿ ಹೇಳ್ತಾರೆ. ನಂಗೆ ಬೇಕಾಗಿರೋದು ನಿಮ್ಮ ಗಂಟಲು ರೀ, ಕಣ್ಣಲ್ಲ." ಅವತ್ತು ಮೈಕಣ್ಣ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಮಗಳ ಭುಜ ಹಿಡಿದು ಏನೇನೋ ಹಾಡಿಕೊಂಡ.

ಅವನ ನೆಮ್ಮದಿ ಕೆಡಿಸಿದ್ದು ಗಡ್ಡ. ಅಂಗಡಿಯಲ್ಲಿ ಸಿಗುವ ಹಗುರ ಪ್ಲಾಸ್ಟಿಕ್ ರೇಜರಿನಲ್ಲಿ ಕೆರೆದ ಜಾಗವನ್ನೇ ನಾಲ್ಕು ಸಲ ಕೆರೆಯುತ್ತಿದ್ದ, ಕೆರೆಯಬೇಕಾದ ಜಾಗ ಹಾಗೇ ಉಳಿಯುತ್ತಿತ್ತು. ಬಿಟ್ಟುಹೋಯಿತೇನೋ ಎಂಬ ಭಯಕ್ಕೆ ಒತ್ತಿ ಎಳೆಯುತ್ತಿದ್ದ. ಕುತ್ತಿಗೆಯಲ್ಲಿ ಕೂದಲು ಒಳಮುಖವಾಗಿ ಬೆಳೆದು ಕೆಂಪು ಗುಳ್ಳೆಗಳಾದವು. ರಕ್ತ ನಿಲ್ಲಿಸಲು ಅಂಟಿಸಿಕೊಂಡ ಪೇಪರ್ ಚೂರುಗಳ ಸಮೇತ ನಿಲ್ದಾಣಕ್ಕೆ ಬಂದರೆ ಹಣ್ಣಿನವಳು ಕೂಗಿದಳು: "ಏನ್ ಮೈಕಣ್ಣ, ಇವತ್ತಿನ ಪೇಪರು ಮುಖದ ಮೇಲೇ ಬಂದಿದೆ?" ಸುತ್ತಲಿನವರ ಜತೆ ಅವನೂ ನಕ್ಕ. ಕೋಣೆಯೊಳಗೆ ಹೋಗಿ ಚೂರುಗಳನ್ನೆಲ್ಲ ಕಿತ್ತು ಹಾಕಿದ.

ಗಡ್ಡ ಬಿಟ್ಟು ನೋಡಿದ. ಹತ್ತೇ ದಿನಕ್ಕೆ ತುರಿಕೆ ತಡೆಯಲಾಗಲಿಲ್ಲ. "ಅಪ್ಪಾ, ಮುತ್ತು ಕೊಡ್ಬೇಡ, ಚುಚ್ಚತ್ತೆ!" ಎಂದು ಹದಿನೈದರ ಮಗಳು ಓಡಿದಳು. ಒಂದು ರಜೆಯ ದಿನ ಹೆಂಡತಿ ತಾನೇ ಶೇವ್ ಮಾಡಲು ಕೂತಳು. "ಬಾಯಿ ಮುಚ್ಚಿಕೊಂಡು ಕೂತ್ಕೊಳ್ರೀ" ಎಂದು ಗದರುತ್ತಲೇ ಒಂದು ಕೆನ್ನೆ ಮುಗಿಸಿದಳು. ಗದ್ದದ ಕೆಳಗೆ ಬಂದಾಗ ರೇಜರು ಅಲ್ಲೇ ನಿಂತಿತು. "ನಂಗಾಗಲ್ಲ," ಎಂದು ರೇಜರ್ ಕೆಳಗಿಟ್ಟು ಅಡುಗೆಮನೆಗೆ ಹೋಗಿಬಿಟ್ಟಳು. ಅರ್ಧ ನೊರೆ ಮೆತ್ತಿಕೊಂಡು ಕೂತ ಮೈಕಣ್ಣನಿಗೆ ತನ್ನ ಮುಖ ತನ್ನದಲ್ಲವೇನೋ, ಮನೆಮಂದಿಗೆಲ್ಲ ಹೊರಿಸಿದ ಒಂದು ಕೆಲಸವೇನೋ ಅನ್ನಿಸಿತು.

ಕೊನೆಗೆ ದಿನ ಬಿಟ್ಟು ದಿನ ಕ್ಷೌರದಂಗಡಿಗೆ ಹೋಗತೊಡಗಿದ. ಅದು ನಿಲ್ದಾಣದ ಹಿಂಬೀದಿಯಲ್ಲಿತ್ತು. ಇದ್ದದ್ದು ಎರಡು ಕುರ್ಚಿ. ಒಂದರ ಮೇಲೆ ಹಳೇ ಪೇಪರುಗಳ ರಾಶಿ. ಅಂಗಡಿಗೆ ಮಾಲೀಕನೂ ಕೆಲಸಗಾರನೂ ಒಬ್ಬನೇ, ಅರವತ್ತಾರರ ಒಣಕಲು ಮುದುಕ. ಎಲ್ಲರೂ ಅವನನ್ನು ಯಜಮಾನ್ರು ಎನ್ನುತ್ತಿದ್ದರು. ಮೈಕಣ್ಣ ಕೆಲಸಕ್ಕೆ ಸೇರಿದ ವರ್ಷದಿಂದ ಅವನ ತಲೆಕೂದಲು ಕತ್ತರಿಸುವುದೂ ಹಬ್ಬಹರಿದಿನಕ್ಕೆ ಗಡ್ಡ ಕೆರೆಯುವುದೂ ಆ ಕೈಯೇ.

ಎರಡು ತಿಂಗಳು ಹೀಗೆ ಕಳೆಯಿತು. ಒಂದು ಮಧ್ಯಾಹ್ನ ಯಜಮಾನ್ರು ಶೇವ್ ಮುಗಿಸಿ, ಬಟ್ಟೆ ಕೊಡವಿ, ಹೇಳಿದರು: "ಮೈಕಣ್ಣ, ನಾಳಿದ್ದಿಂದ ಗಡ್ಡಕ್ಕೆ ಅಂತ ನೀನು ಇಲ್ಲಿಗೆ ಬರಬೇಡ."

ಮೈಕಣ್ಣ ಗಾಬರಿಯಾದ. "ಯಾಕ್ ಯಜಮಾನ್ರೇ, ನಾನೇನು ತಪ್ಪು ಮಾಡ್ದೆ?"

"ತಪ್ಪು ನನ್ನದು. ಕೈ ಗಟ್ಟಿಯಿರೋ ಗಂಡಸಿನ ಗಡ್ಡ ನಾನೇ ಕೆರೆದು ಕೆರೆದು ಅವನ ಕೈ ಕೆಡಿಸ್ತಿದೀನಿ. ಇನ್ಮೇಲೆ ನೀನೇ ಮಾಡ್ಕೋ."

"ತಮಾಷೆ ಮಾಡ್ತೀರಾ? ಕಣ್ಣೇ ಇಲ್ದೆ ಹೇಗೆ ಮಾಡ್ಲಿ?"

"ಕಣ್ಣಂತೆ ಕಣ್ಣು! ಶೇವ್ ಮಾಡುವಾಗ ನಾನು ಎಲ್ಲಿ ನೋಡ್ತೀನಿ ಅಂದ್ಕೊಂಡಿದೀಯ? ಅರ್ಧ ಹೊತ್ತು ಬೀದಿ ನೋಡ್ತಿರ್ತೀನಿ. ಕಿವಿ ಮಾತ್ರ ಬ್ಲೇಡಿನ ಹತ್ರ ಇರತ್ತೆ. ಕೂದಲಿದ್ರೆ ಕರಕರ ಅನ್ನತ್ತೆ. ಇಲ್ದಿದ್ರೆ ಸದ್ದಡಗತ್ತೆ. ಅಷ್ಟೇ ವಿದ್ಯೆ."

ಮೈಕಣ್ಣ ಗಂಟಲು ಮುಟ್ಟಿಕೊಂಡ. "ಅಂದ್ರೆ ಇಷ್ಟು ವರ್ಷ ನನ್ ಕುತ್ತಿಗೆ ಮೇಲೆ ಕತ್ತಿ ಇಟ್ಟು ಬೀದಿ ನೋಡ್ತಿದ್ರಾ!"

ಯಜಮಾನ್ರು ನಗುತ್ತಲೇ ಮೇಜಿನ ಖಾನೆ ಎಳೆದು ಏನನ್ನೋ ತೆಗೆದು ಅವನ ಅಂಗೈಯಲ್ಲಿಟ್ಟರು. ತಣ್ಣಗಿನ ಲೋಹದ ರೇಜರು. ಪ್ಲಾಸ್ಟಿಕ್ಕಿನದಕ್ಕೆ ಹೋಲಿಸಿದರೆ ಸುತ್ತಿಗೆಯಷ್ಟು ಭಾರ. ಯಾವನೋ ಲಾರಿ ಡ್ರೈವರು ಹನ್ನೊಂದು ವರ್ಷದ ಹಿಂದೆ ಅಂಗಡಿಯಲ್ಲಿ ಮರೆತು ಹೋದದ್ದಂತೆ. ಬರುತ್ತಾನೆ ಎಂದು ಕಾದು, ಈಗ ಸೋಪು ಬಿಸಿನೀರು ಹಾಕಿ ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿ ಇಟ್ಟಿದ್ದರು. ಹಿಡಿಯ ಬುಡದ ಗುಂಡಿ ತಿರುಗಿಸಿದರೆ ತಲೆಯ ಮೇಲಿನ ಎರಡು ರೆಕ್ಕೆ ತೆರೆದುಕೊಳ್ಳುತ್ತಿದ್ದವು. ಅಲ್ಲಿ ಬ್ಲೇಡು ಕೂರಿಸಬೇಕು. ತಲೆಗೂ ಹಿಡಿಗೂ ನಡುವೆ ಒಂದು ಬಳೆ. ಅದನ್ನು ತಿರುಗಿಸಿದರೆ ಟಿಕ್ ಟಿಕ್ ಎನ್ನುತ್ತಿತ್ತು.

"ಒಂದರಿಂದ ಒಂಬತ್ತರ ತನಕ ಇದೆ. ಒಂದರಲ್ಲಿ ಬ್ಲೇಡು ಒಳಗೆ ಅಡಗಿರತ್ತೆ, ಮಗುವಿನ ಕೆನ್ನೆ ಮೇಲೂ ಆಡಿಸ್ಬಹುದು. ಒಂಬತ್ತರಲ್ಲಿ ಬಾಯಿ ತೆರೆದು ನಿಂತಿರತ್ತೆ. ಒಂದೊಂದು ಟಿಕ್ಕಿಗೆ ಒಂದೊಂದು ನಂಬರು. ಇದನ್ನ ಮಾಡಿದೋನಿಗೆ ನಿನ್ನ ವಿಷಯ ಗೊತ್ತಿರಲಿಲ್ಲ. ಆದ್ರೂ ನಿಂಗೇ ಅಂತ ಮಾಡಿದ ಹಾಗಿದೆ."

ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಪಾಠ ನಡೆಯಿತು. ಮೊದಲ ದಿನ ಬ್ಲೇಡೇ ಇಲ್ಲ. ಬ್ರಶ್ಶಿನಲ್ಲಿ ನೊರೆ ಎಬ್ಬಿಸುವುದು, ರೇಜರಿನ ಭಾರಕ್ಕೇ ಅದನ್ನು ಜಾರಲು ಬಿಡುವುದು. "ಒತ್ತಬೇಡ! ಅದೇನು ರಬ್ಬರ್ ಸ್ಟಾಂಪೇ?" ಎಂದು ಯಜಮಾನ್ರು ಹತ್ತು ಸಲ ಬೈದರು. ಎರಡನೇ ದಿನ ಬ್ಲೇಡನ್ನು ಹರಿತವಿಲ್ಲದ ಗಿಡ್ಡ ಅಂಚುಗಳಲ್ಲಿ ಹಿಡಿದು ಕೂರಿಸುವುದು, ಹಳತಾದದ್ದನ್ನು ಮುಚ್ಚಳಕ್ಕೆ ಸೀಳು ಹೊಡೆದ ಡಬ್ಬಿಗೆ ಹಾಕುವುದು. ಮೂರನೇ ದಿನ ಅವರು ಅವನ ಬೆರಳು ಹಿಡಿದು ಅವನದೇ ಕುತ್ತಿಗೆಯ ಮೇಲೆ ಆಡಿಸಿದರು.

"ನೋಡು, ಬಲಗಡೆ ಕೂದಲು ಕೆಳಮುಖ. ಎಡಗಡೆ, ಇಲ್ಲಿ ಮುಟ್ಟು, ಸುಳಿ ಇದೆ. ಸುತ್ತಿಕೊಂಡು ಬೆಳೆಯತ್ತೆ. ನಿನ್ನ ಗುಳ್ಳೆಗಳೆಲ್ಲ ಇಲ್ಲೇ. ಇಲ್ಲಿ ಎರಡರಲ್ಲಿಡು, ಕೆನ್ನೆಗೆ ನಾಲ್ಕು."

ನಲವತ್ತೈದು ವರ್ಷ ಕನ್ನಡಿ ನೋಡಿದರೂ ತನ್ನ ಕುತ್ತಿಗೆಯಲ್ಲೊಂದು ಸುಳಿಯಿದೆ ಎಂದು ಮೈಕಣ್ಣನಿಗೆ ಗೊತ್ತಿರಲಿಲ್ಲ. ಇನ್ನೊಬ್ಬರಿಗೆ ಗೊತ್ತಿತ್ತು; ಇಪ್ಪತ್ತು ವರ್ಷದಿಂದ ಅದನ್ನು ನೆನಪಿಟ್ಟುಕೊಂಡು, ನೋಯದ ಹಾಗೆ ಅಲ್ಲಿ ಕತ್ತಿ ತಿರುಗಿಸುತ್ತಿದ್ದರು. ಅವನು ಬೆರಳನ್ನು ಮತ್ತೊಮ್ಮೆ ಆ ಸುಳಿಯ ಮೇಲೆ ಆಡಿಸಿದ.

ಮನೆಯಲ್ಲಿ ಮೊದಲ ಸಲ ಒಬ್ಬನೇ ಮಾಡಿಕೊಂಡಾಗ ಇಪ್ಪತ್ತೈದು ನಿಮಿಷ ಹಿಡಿಯಿತು. ನಲ್ಲಿ ಪೂರ್ತಿ ನಿಲ್ಲಿಸಿ, ಬಚ್ಚಲ ಬಾಗಿಲು ಹಾಕಿ, ಉಸಿರು ಬಿಗಿಹಿಡಿದು ಕೇಳಿಸಿಕೊಂಡ. ಕೆನ್ನೆಯ ಮೇಲೆ ಕರಕರ ಎಂದ ಸದ್ದು ಎರಡನೇ ಎಳೆತಕ್ಕೆ ತೆಳುವಾಗಿ, ಮೂರನೆಯದಕ್ಕೆ ಇಲ್ಲವಾಯಿತು. ಬೆರಳಿಟ್ಟು ನೋಡಿದ. ನುಣ್ಣಗಿತ್ತು.

ಪಾಳಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದ ಹೆಂಡತಿ ಬಾಗಿಲಲ್ಲೇ ನಿಂತಳು. "ಯಾರ ಹತ್ರ ಮಾಡಿಸ್ಕೊಂಡ್ರಿ?"

"ಒಬ್ಬ ದೊಡ್ಡ ಮನುಷ್ಯ. ನಿಂಗೆ ಪರಿಚಯ ಇದೆ."

ಆಕೆ ಬ್ರೆಡ್ಡಿನ ವಾಸನೆಯ ಅಂಗೈಯಿಂದ ಅವನ ಕೆನ್ನೆಯನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಸವರಿದಳು. ಮರುದಿನ ಯಜಮಾನ್ರ ಅಂಗಡಿಗೆ ಎರಡು ಬಿಸಿ ಬ್ರೆಡ್ಡು ತಲುಪಿದವು. ಆಮೇಲೆ ಪ್ರತಿ ವಾರವೂ ತಲುಪುತ್ತಿದ್ದವು.

ಎಲ್ಲ ಸಲೀಸಾಗಿ ಹೋಯಿತು ಎಂದರೆ ಸುಳ್ಳಾಗುತ್ತದೆ. ಮನೆಗೆ ಬಂದಿದ್ದ ಭಾವಮೈದ ಹೇಳದೆ ಕೇಳದೆ ಆ ರೇಜರಿನಲ್ಲಿ ಗಡ್ಡ ಕೆರೆದು, ಬಳೆಯನ್ನು ಒಂಬತ್ತರಲ್ಲಿ ಬಿಟ್ಟು ಹೋದ. ನಾಲ್ಕರಲ್ಲೇ ಇದೆ ಎಂದುಕೊಂಡು ಎಳೆದ ಮೈಕಣ್ಣನ ಗಲ್ಲ ಸೀಳಿತು. ಯಜಮಾನ್ರು ಗಾಯಕ್ಕೆ ಪಟಿಕದ ಕಲ್ಲು ಒತ್ತುತ್ತಾ ಭಾವಮೈದನನ್ನು ಬಿಟ್ಟು ಇವನಿಗೇ ಬೈದರು. "ಯಾವ ನಂಬರಲ್ಲಿದೆ ಅಂತ ನೆನಪಿಟ್ಕೋಬೇಡ ಮಾರಾಯ. ಪ್ರತಿ ಸಲ ಹಿಂದಕ್ಕೆ ತಿರುಗಿಸಿ ಒಂದಕ್ಕೆ ತಂದು ನಿಲ್ಲಿಸು. ಅಲ್ಲಿಂದ ಎಣಿಸು." ಅಲ್ಲಿಂದಾಚೆಗೆ ಹಾಗೇ ಮಾಡಿದ.

ಮುಂದಿನ ವರ್ಷ ಯಜಮಾನ್ರು ಫ್ಯಾನ್ ಒರೆಸಲು ಸ್ಟೂಲು ಹತ್ತಿ ಬಿದ್ದರು. ಸೊಂಟದ ಮೂಳೆ ಮುರಿಯಿತು, ಬಲ ಮಣಿಕಟ್ಟೂ ಮುರಿಯಿತು. ಮೈಕಣ್ಣ ಮಗಳ ಜತೆ ಆಸ್ಪತ್ರೆಗೆ ಹೋದಾಗ ಮುದುಕನಿಗೆ ನೋವಿಗಿಂತ ನಾಚಿಕೆಯೇ ಹೆಚ್ಚಾಗಿತ್ತು. ಎಂಟು ದಿನದ ಗಡ್ಡ.

"ಇಲ್ಲೊಬ್ಬ ಬರ್ತಾನೆ ಶೇವ್ ಮಾಡೋಕೆ. ನೆಲ ಒರೆಸಿದ ಹಾಗೆ ಮುಖ ಒರೆಸ್ತಾನೆ. ಬೇಡ ಅಂತ ಕಳಿಸ್ದೆ." ಆಮೇಲೆ ದನಿ ತಗ್ಗಿಸಿದರು. "ನಾಳೆ ನಿನ್ನ ರೇಜರು ತಗೊಂಡ್ ಬಾ. ಹೊಸ ಬ್ಲೇಡು ಹಾಕ್ಕೊಂಡು."

"ನಾನಾ? ನಿಮಗಾ?"

"ಮತ್ತೆ ಯಾರು? ನಂಗೆ ಇನ್ಯಾರ ಮೇಲೆ ನಂಬಿಕೆ ಇದೆ?"

ಮರುದಿನ ಬಿಸಿನೀರಿನ ಬೋಗುಣಿ ಹಿಡಿದು ಮಗಳು ನಿಂತಳು. ಮೈಕಣ್ಣನ ಬಿಳಿ ಕೋಲು ಕಂಡ ನರ್ಸಮ್ಮ ಓಡಿಬಂದಳು. "ಅಜ್ಜಾ, ಇದೇನಿದು? ಇವರಿಗೆ..."

"ಹೆದರಬೇಡಮ್ಮ," ಎಂದರು ಯಜಮಾನ್ರು. "ಅವನು ನನ್ನ ಶಿಷ್ಯ. ಕಲಿಸಿದ್ದು ಸರಿಯಿಲ್ಲ ಅಂದ್ರೆ ಹೋಗೋದು ನನ್ ಗಂಟಲೇ ತಾನೆ?"

ಮೈಕಣ್ಣ ಕೈ ತೊಳೆದು ಆ ಮುಖವನ್ನು ಮುಟ್ಟಿದ. ಇಷ್ಟು ವರ್ಷದಲ್ಲಿ ಇದೇ ಮೊದಲು. ಹಲ್ಲುದುರಿದ ಕೆನ್ನೆ ಒಳಗೆ ಸರಿದಿತ್ತು. ಚರ್ಮ ತೊಳೆದು ತೊಳೆದು ಸವೆದ ಪಂಚೆಯಂತೆ ಮೆತ್ತಗೆ, ಸಡಿಲ. ಬಲಗಿವಿಯ ಕೆಳಗೊಂದು ಉಬ್ಬಿದ ಮಚ್ಚೆ. ಎಲ್ಲೆಲ್ಲಿ ಕೂದಲು ಯಾವ ಕಡೆಗೆ ಮಲಗಿದೆ ಎಂದು ಬೆರಳಲ್ಲೇ ಓದಿಕೊಂಡ. ನೊರೆ ಹಚ್ಚಿ, ಬಳೆಯನ್ನು ಒಂದಕ್ಕೆ ತಂದು, ಒಂದು ಟಿಕ್ ಮುಂದಕ್ಕೆ ತಿರುಗಿಸಿದ.

"ಎರಡಾ? ಮೂರಿಡೋ, ನಾನೇನು ಹಾಲುಗಲ್ಲದ ಕೂಸಾ?"

"ಎರಡೇ."

"ಗಿರಾಕಿ ಹೇಳಿದ್ದು ಕೇಳ್ಬೇಕು."

"ಗಿರಾಕಿ ಬಾಯಿ ಮುಚ್ಚಿಕೊಂಡಿರ್ಬೇಕು ಯಜಮಾನ್ರೇ."

ಪಕ್ಕದ ಹಾಸಿಗೆಯವನ ರೇಡಿಯೋದಲ್ಲಿ ಏನೋ ಪಂದ್ಯದ ವಿವರಣೆ ಬರುತ್ತಿತ್ತು. ಇವನು ತಲೆ ಓರೆ ಮಾಡಿ ಕಿವಿಗೊಡುವುದನ್ನು ಕಂಡು ಅವನು ತಾನಾಗಿಯೇ ಅದನ್ನು ಆರಿಸಿದ. ವಾರ್ಡಿನ ಆ ಮೂಲೆ ಸದ್ದಡಗಿತು. ಮೈಕಣ್ಣ ಎಡಗೈ ಹೆಬ್ಬೆರಳಿನಲ್ಲಿ ಚರ್ಮ ಎಳೆದು ಹಿಡಿದು ರೇಜರು ಇಳಿಸಿದ. ಕರಕರ. ಮತ್ತೆ ನೀರಲ್ಲಿ ಅದ್ದಿ, ಮತ್ತೆ. ಮಚ್ಚೆಯನ್ನು ಸುತ್ತಿ ಬಂದ. ಎರಡನೇ ಕೆನ್ನೆಯ ಹೊತ್ತಿಗೆ ಯಜಮಾನ್ರ ಉಸಿರಾಟ ನಿಧಾನವಾಯಿತು, ಗದ್ದ ಭಾರವಾಗಿ ಅವನ ಅಂಗೈಗೆ ಒರಗಿತು.

"ನಿದ್ದೆ ಹೋದ್ರು," ಎಂದು ಪಕ್ಕದವನು ಪಿಸುಗುಟ್ಟಿದ. "ನೋವಿಗೆ ಒಂದು ವಾರದಿಂದ ಕಣ್ಣು ಮುಚ್ಚಿರಲಿಲ್ಲ."

ಮೈಕಣ್ಣ ರೇಜರನ್ನು ಮೇಲೆತ್ತಿ ಹಾಗೇ ನಿಂತ. ತನಗೆ ಸಿಕ್ಕವರನ್ನೆಲ್ಲ ನೆನೆದ: ಕೈ ಹಿಡಿದು ಸತ್ಯ ಹೇಳಿದ ಡಾಕ್ಟರಮ್ಮ, ಸ್ಟೂಲಿನ ಮೇಲೆ ಬಂದು ಕೂತ ಮೇಲ್ವಿಚಾರಕಿ, ಅಡುಗೆಮನೆಯಲ್ಲಿ ಅತ್ತು ಮುಖ ತೊಳೆದು ಬಂದ ಹೆಂಡತಿ, ತನ್ನ ಗಿರಾಕಿಯನ್ನು ತಾನೇ ಬಿಟ್ಟುಕೊಟ್ಟು ಈಗ ಅಂಗೈಯಲ್ಲಿ ಗದ್ದವಿಟ್ಟು ಮಲಗಿರುವ ಈ ಮುದುಕ. ಮಗಳು ಭುಜ ಮುಟ್ಟಿದಳು. "ಅಪ್ಪಾ, ನೀರು ಆರ್ತಿದೆ." ಅವನು ಮಿಕ್ಕದ್ದನ್ನು ಮುಗಿಸಿದ. ಒಂದು ಹನಿ ರಕ್ತ ಬರಲಿಲ್ಲ.

ಎಚ್ಚರವಾದ ಮೇಲೆ ಯಜಮಾನ್ರು ಎಡಗೈಯಿಂದ ಕೆನ್ನೆ ಸವರಿಕೊಂಡರು. ಬಹಳ ಹೊತ್ತು ಸವರಿದರು. ಮೈಕಣ್ಣ ಏನೋ ಹೇಳಲು ಬಾಯಿ ತೆರೆದ.

"ಗೊತ್ತು ಗೊತ್ತು," ಎಂದರು. "ಅದನ್ನೆಲ್ಲ ಮೈಕಲ್ಲಿ ಕೂಗ್ಬೇಡ."

ಆಸ್ಪತ್ರೆಯಿಂದ ಬಿಡುವಷ್ಟರಲ್ಲಿ ಒಂಬತ್ತು ಸಲ ಅವರಿಗೆ ಶೇವ್ ಮಾಡಿದ. ರೇಡಿಯೋದವನಿಗೂ ಮೂರು ಸಲ, ಅವನದೇ ಹೊಸ ಬ್ಲೇಡಿನಲ್ಲಿ. ಯಜಮಾನ್ರು ಕೋಲೂರಿಕೊಂಡು ಅಂಗಡಿಗೆ ಮರಳಿದರು. ಈಗ ಬೆಳಗಿನ ಹೊತ್ತು ಮಾತ್ರ, ಎತ್ತರದ ಸ್ಟೂಲಿನ ಮೇಲೆ ಕೂತೇ ಕೆಲಸ.

ಈ ಸುದ್ದಿ ಡಾಕ್ಟರಮ್ಮನ ಕಿವಿಗೂ ಬಿತ್ತು. ಹೊಸದಾಗಿ ನೋಟ ಕಳೆದುಕೊಂಡ ಗಂಡಸರನ್ನು ಆಕೆ ಮೈಕಣ್ಣನ ಮನೆಗೆ ಕಳಿಸತೊಡಗಿದಳು. ಭಾನುವಾರ ಬೆಳಿಗ್ಗೆ ಅವನ ಮನೆಯ ಮುಂದಿನ ಕೋಣೆಯಲ್ಲಿ ಒಂದಿಬ್ಬರು ಕುತ್ತಿಗೆಗೆ ಟವೆಲ್ಲು ಸುತ್ತಿಕೊಂಡು ಕೂತಿರುತ್ತಾರೆ. ಹೋದ ವಾರ ಬಂದದ್ದು ಒಬ್ಬ ನಿವೃತ್ತ ಟೈಪಿಸ್ಟು, ಸಿಡುಕಿನ ಮನುಷ್ಯ. ಒಂದು ಕೆನ್ನೆ ಮುಗಿಸುವಷ್ಟರಲ್ಲಿ ರೇಜರು ಕೆಳಗಿಟ್ಟ.

"ಸ್ವಾಮಿ, ಕುಯ್ಕೊಂಡೆ ಅನ್ಸತ್ತೆ."

"ಜಾಸ್ತಿನಾ?"

"ಇಲ್ಲ, ಚೂರು."

"ಹಾಗಿದ್ರೆ ಒಂದು ಟಿಕ್ ಹಿಂದಕ್ಕೆ ತಿರುಗ್ಸಿ," ಎಂದ ಮೈಕಣ್ಣ, ನೊರೆಯ ಬಟ್ಟಲನ್ನು ಅವನತ್ತ ಸರಿಸುತ್ತಾ. "ಬನ್ನಿ, ಇನ್ನೊಂದು ಕೆನ್ನೆ ಇದೆಯಲ್ಲ."