ಪಾರ್ಲರಿನ ಅಕ್ಕ ರೌಟರ್ ಬಿಚ್ಚಿದ್ದು

ಶಹಾಬಾದಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಅಕ್ಕ, ಸಿಕ್ಕುಗೂದಲು ಬಿಡಿಸುವಾಗಲೂ ಬಿಗಿಯಾದ ಬಳೆ ತೆಗೆಯುವಾಗಲೂ ಒಂದೇ ಮಾತು ಹೇಳುತ್ತಿದ್ದರು: “ಜಬರ್ದಸ್ತಿ ಬ್ಯಾಡ್ರಿ, ತಾನೇ ಬಿಡತದ.”

ಪುಣೆಯಲ್ಲಿರುವ ನನ್ನ ತಂಗಿಗೆ ಕಿವಿ ಕೇಳಿಸುವುದಿಲ್ಲ. ಅವಳ ಕೈಸನ್ನೆಯ ಮಾತಿಗೆ ವಿಡಿಯೋ ಕಾಲೇ ಬೇಕು. ಅವಳು ಹೆತ್ತ ಕೂಸನ್ನು ಅವ್ವನಿಗೆ ಮೊದಲ ಸಲ ತೋರಿಸಬೇಕಿದ್ದ ದಿನವೇ ನಮ್ಮ ವೈಫೈ ರೌಟರ್ ಕೆಟ್ಟಿತು. ದಪ್ಪ ಕಲ್ಲುಗೋಡೆಯ ಮನೆಯೊಳಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ. ಅವ್ವ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ನಾನು ರೌಟರಿನ ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಮೀಟಲು ಹೊರಟಾಗ ಅಕ್ಕ ತಡೆದರು.

“ತಮ್ಮಾ, ಡಬ್ಬಿ ಒಡದ್ರ ಕಂಪನಿಯವ್ರು ವಾಪಸ್ ತಗೊಳ್ಳಂಗಿಲ್ಲ. ಇತ್ತಾಗ ಕೊಡು.”

ರೌಟರಿನ ತಳಕ್ಕೆ ಅಂಟಿಸಿದ್ದ ಚೀಟಿಗೆ ಹೇರ್ ಡ್ರೈಯರಿನ ಬಿಸಿಗಾಳಿ ಹಿಡಿದು, ಹರಿಯದಂತೆ ಎಬ್ಬಿಸಿದರು. ಅಡಿಯಲ್ಲಿದ್ದ ಸ್ಕ್ರೂ ಬಿಚ್ಚಿ, ಹಳೆಯ ಪ್ಲಾಸ್ಟಿಕ್ ಕಾರ್ಡೊಂದನ್ನು ಅಂಚಿನ ಸಂದಿಯಲ್ಲಿ ಮೆಲ್ಲಗೆ ಸರಿಸುತ್ತ ಹೋದರು. ಕೊಂಡಿಗಳು ಟಕ್ ಟಕ್ ಎಂದು ಬಿಟ್ಟುಕೊಂಡವು. ಒಳಗೆ ಇರುವೆ ಗೂಡಿತ್ತು. ಅದರ ಮಣ್ಣಿಗೆ ರೀಸೆಟ್ ಗುಂಡಿ ಒತ್ತಿಕೊಂಡೇ ನಿಂತು, ರೌಟರ್ ಚಾಲೂ ಆಗುತ್ತಿರಲಿಲ್ಲ. ಪೌಡರ್ ಹಚ್ಚುವ ಬ್ರಷ್ಷಿನಿಂದ ಮಣ್ಣನ್ನೆಲ್ಲ ಗುಡಿಸಿದರು. ಗುಂಡಿ ಮೇಲೆದ್ದಿತು; ಡಬ್ಬಿ ಮುಚ್ಚಿ, ಕಂಪನಿಯವರನ್ನು ಫೋನಿನಲ್ಲಿ ಕೇಳಿ ನಾನು ಮತ್ತೆ ಸೆಟ್ಟಿಂಗ್ ಹಾಕಿದೆ.

ಸಂಜೆ ಮೊಬೈಲಿನಲ್ಲಿ ಕೂಸು ಕಂಡಿತು. ಅವ್ವ ಅಳತೊಡಗಿದಳು. ಅಕ್ಕನಿಗೆ ಕೈಸನ್ನೆ ಬಾರದು. ಅವರು ಪರದೆಯ ಮೇಲೆ ಕೈ ನೀವಾಳಿಸಿ, ತಮ್ಮ ಕಿವಿಯ ಪಕ್ಕ ಬೆರಳೊತ್ತಿ ನೆಟಿಗೆ ಮುರಿದು ದೃಷ್ಟಿ ತೆಗೆದರು. ಆ ಕಡೆ ತಂಗಿ ನಕ್ಕು, ಕೂಸನ್ನು ಅವರಿಗೆ ಇನ್ನಷ್ಟು ಹತ್ತಿರ ಹಿಡಿದಳು.