ಎರಡು ‘ಆತು’

ನವನಗರದ ನಮ್ಮ ಓಣಿಗೆ ನಾನು ಲಗ್ನದ ವಿಡಿಯೋದವ. ಸಾಕ್ಷ್ಯಚಿತ್ರ ಮಾಡುತ್ತೇನೆ ಎಂದರೆ, “ಅದರಾಗ ಹೀರೋ ಯಾರ್ರಿ?” ಎಂದು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ, ಹುಬ್ಬಳ್ಳಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಕಾರ್ಖಾನೆಗಳ ಕೆಲಸಗಾರರ ಬಗ್ಗೆ ಚಿತ್ರ ಮಾಡುತ್ತಿದ್ದೆ. ಮಾಡು ಎಂದು ಯಾರೂ ಹೇಳಿರಲಿಲ್ಲ. ಲಗ್ನದ ಕ್ಯಾಮೆರಾವೇ ಅದಕ್ಕೂ ಕ್ಯಾಮೆರಾ, ಲಗ್ನದ ಕ್ಯಾಸೆಟ್ಟೇ ಅದಕ್ಕೂ ಕ್ಯಾಸೆಟ್ಟು.

ಹೀರೋ ಅಂತ ಇದ್ದರೆ ಒಬ್ಬನೇ ಇದ್ದ. ಆಯುಷ್ಯದ ಉದ್ದಕ್ಕೂ ಜಿನ್ನಿನ ಬಾಯಿಗೆ ಹತ್ತಿ ತುಂಬಿ ತುಂಬಿ ಎದೆಯೊಳಗೂ ಅದನ್ನೇ ತುಂಬಿಕೊಂಡಿದ್ದ. ದೊಡ್ಡಾಸ್ಪತ್ರೆಯಿಂದ ಬಂದ ವಾರ, ತನ್ನ ಮನೆಯ ಮಂಚದ ಮೇಲೆ ಕೂತು ಒಂದು ತಾಸು ಮಾತಾಡಿದ. ತನ್ನ ಜೊತೆ ಕೆಲಸಕ್ಕೆ ಸೇರಿ, ಕೆಮ್ಮಿ ಕೆಮ್ಮಿ ಸತ್ತವರನ್ನು ಹೆಸರು ಹಿಡಿದು ಹೇಳಿದ. ಉಳಿದವರೆಲ್ಲ ಮಾಲೀಕರಿಗೆ ಹೆದರಿ ಬಾಯಿ ಬಿಟ್ಟಿರಲಿಲ್ಲ. ಎರಡು ತಿಂಗಳಿಗೆ ಅವನೂ ತೀರಿಕೊಂಡ.

ನನಗೊಂದು ಕೆಟ್ಟ ಚಾಳಿಯಿತ್ತು. ಚಿತ್ರಕ್ಕೆ ತೆಗೆದ ಕ್ಯಾಸೆಟ್ಟನ್ನು ಪೂರ್ತಿ ನೋಡಿ ಟಿಪ್ಪಣಿ ಮಾಡಿಕೊಂಡ ಮೇಲೆ ಚೀಟಿಯ ಮೇಲೆ ‘ಆತು’ ಎಂದು ಬರೆಯುತ್ತಿದ್ದೆ. ಲಗ್ನದವರು ತಮ್ಮ ಕಾಪಿ ಒಯ್ದ ಮೇಲೆ ಉಳಿದ ಕ್ಯಾಸೆಟ್ಟಿನ ಮೇಲೂ ‘ಆತು’ ಎಂದೇ ಬರೆಯುತ್ತಿದ್ದೆ. ಮೊದಲನೆಯದರ ಅರ್ಥ, ಜೋಪಾನ. ಎರಡನೆಯದರ ಅರ್ಥ, ಇದರ ಮೇಲೆ ಮತ್ತೊಂದು ಲಗ್ನ ತೆಗೆಯಬಹುದು. ಈ ವ್ಯತ್ಯಾಸ ಗೊತ್ತಿದ್ದದ್ದು ನನ್ನ ತಲೆಗೆ ಮಾತ್ರ. ಒಳಗಿನದು ಅಳಿಸದಿರಲಿ ಎಂದರೆ ಕ್ಯಾಸೆಟ್ಟಿನ ಬೆನ್ನಿನ ಪ್ಲಾಸ್ಟಿಕ್ ಚೂರನ್ನು ಮುರಿದುಬಿಡಬೇಕು. ಜಿಪುಣತನದಿಂದ ಅದನ್ನೂ ಮುರಿಯುತ್ತಿರಲಿಲ್ಲ.

ಲಗ್ನದ ಸೀಜನ್ನಿನಲ್ಲಿ ಒಂದು ಮುಂಜಾನೆ ಹೆಂಡತಿ ನನ್ನ ಚೀಲ ತುಂಬಿಕೊಟ್ಟಳು. ಮದುಮಕ್ಕಳ ಮೇಲೆ ಅಕ್ಕಿಕಾಳು ಹಾಕುವ ಹೊತ್ತಿನ ಗಡಿಬಿಡಿಯಲ್ಲಿ ನಾನು ಚೀಟಿ ನೋಡದೆ ಕ್ಯಾಮೆರಾಕ್ಕೆ ಕ್ಯಾಸೆಟ್ಟು ತುರುಕಿದೆ. ಮನೆಗೆ ಬಂದು ಹೊರತೆಗೆದು ನೋಡಿದರೆ, ಮಂಚದ ಮೇಲೆ ಕೂತು ಮಾತಾಡಿದವನ ಕ್ಯಾಸೆಟ್ಟು.

“ಕಣ್ಣು ಕಾಣ್ಸೂದಿಲ್ಲೇನು ನಿನಗ?” ಎಂದು ಅವಳ ಮೇಲೆ ಹರಿಹಾಯ್ದೆ.

“ನೀವ ಬರದೀರಲ್ರಿ, ಆತು ಅಂತ.”

ಬರೆದವನು ನಾನೇ. ಆದರೂ ಎರಡು ದಿನ ಅವಳೊಡನೆ ಮಾತು ಬಿಟ್ಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಸತ್ತವನ ಹೆಂಡತಿ ವರ್ಷದ ಕಾರ್ಯಕ್ಕೆ ಕರೆಯಲು ಬಂದಳು. “ಅಣ್ಣಾರ, ಫೋಟೋ ಐತ್ರಿ ನಮ್ಮ ಮನ್ಯಾಗ. ದನಿ ನಿಮ್ಮ ಕಡೆ ಅಷ್ಟ ಐತ್ರಿ. ಆ ದಿವಸ ಒಂದೀಟು ಕೇಳಸ್ರಿ.” ಎಡಿಟಿಂಗ್ ನಡೆದಿದೆ ಎಂದು ಸುಳ್ಳು ಹೇಳಿದೆ. ಕಾರ್ಯಕ್ಕೆ ಹೋಗಲಿಲ್ಲ. ಅವಳು ಮತ್ತೆ ಬಂದಳು, ಮತ್ತೆ ಅದೇ ಸುಳ್ಳು. ಬಾಗಿಲು ಬಡಿದ ಸದ್ದಾದರೆ ಹಿತ್ತಲಿಗೆ ಹೋಗಿ ನಿಲ್ಲುವಷ್ಟು ಹೇಡಿಯಾದೆ. ಮೂರನೆಯ ಸಲ ಹೆಂಡತಿಯೇ ಅವಳನ್ನು ಒಳಗೆ ಕೂರಿಸಿ ಹಿತ್ತಲಿಗೆ ಬಂದಳು. “ನೀವು ಹೇಳ್ತೀರೋ, ನಾ ಹೇಳ್ಲ್ಯೊ?”

ಹೇಳಿದೆ. ಸತ್ತವನ ಹೆಂಡತಿ ಬಯ್ಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ಕೇಳಿದಳು, “ಏನೂ ಉಳದಿಲ್ಲೇನ್ರಿ?”

ಉಳಿದಿತ್ತು. ಅವನ ಮಾತು ಮುಗಿಯಲು ಅರ್ಧ ನಿಮಿಷ ಇರುವಾಗಲೇ ಮೇಲೆ ತೆಗೆದ ಲಗ್ನ ಮುಗಿದಿತ್ತು. ಕ್ಯಾಸೆಟ್ಟು ಹಚ್ಚಿದೆ. ಊಟದ ಪಂಕ್ತಿ, ಬೀಗರ ನಗು, ಆಮೇಲೆ ಪರದೆಯ ಮೇಲೆ ಗೆರೆಗಳು. ಅವು ಸರಿದಾಗ ಮಂಚದ ಮೇಲೆ ಅವನು. ಕೆಮ್ಮಿದ, ಟವೆಲ್ಲಿನಿಂದ ಬಾಯಿ ಒರೆಸಿಕೊಂಡ, ಕ್ಯಾಮೆರಾದತ್ತ ನೋಡಿ ಕೇಳಿದ: “ಆತೇನ್ರಿ?”

ಕ್ಯಾಮೆರಾದ ಹಿಂದಿನಿಂದ ನನ್ನ ದನಿ: “ಆತ್ರಿ.” ಅಲ್ಲಿಗೆ ಕಪ್ಪು.

“ಮತ್ತೊಮ್ಮಿ ಹಚ್ರಿ” ಎಂದಳು. ಹಚ್ಚಿದೆ. ಮತ್ತೆ, ಮತ್ತೆ. ಎಷ್ಟು ಸಲವೋ ನೆನಪಿಲ್ಲ.

ಮುಂದೆ ಕೆಲವು ವರ್ಷಕ್ಕೆ ಆ ಚಿತ್ರ ಮುಗಿಸಿದೆ, ಕಾಲೇಜುಗಳಲ್ಲಿ ತೋರಿಸಿದೆ. ಅವನ ಅರ್ಧ ನಿಮಿಷ ಅದರಲ್ಲಿದೆ. ಸತ್ತವರ ಹೆಸರುಗಳು ನನ್ನ ಟಿಪ್ಪಣಿ ಪುಸ್ತಕದಲ್ಲಿದ್ದವು, ಚಿತ್ರದಲ್ಲಿ ನಾನೇ ಓದಿದೆ. ನನ್ನ ಬಾಯಲ್ಲಿ ಅವು ಹಾಜರಿ ಕೂಗಿದ ಹಾಗೆ ಕೇಳುತ್ತವೆ. ಆ ಅರ್ಧ ನಿಮಿಷ ಬಂದಾಗಲೆಲ್ಲ ನಾನು ಸಭಾಂಗಣದ ಹೊರಗೆ ಹೋಗಿ ನಿಲ್ಲುತ್ತೇನೆ. ಅಂದು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ಅವನ ಹೆಂಡತಿ ಹೇಳಿಹೋದದ್ದು ಅಲ್ಲಿಯೂ ಕೇಳಿಸುತ್ತದೆ.

“ಇನ್ನೂ ಆಗಿಲ್ಲ ಅನ್ನಬೇಕಿತ್ರಿ ಅಣ್ಣಾರ ನೀವು. ಇನ್ನೊಂದೆರಡು ಮಾತು ಆಡ್ತಿದ್ರು.”